ನಡು ಮಧ್ಯಾಹ್ನದ ಮೆರವಣಿಗೆ: ಹುಡುಗ ಬಿದ್ದದ್ದೇಕೆ, ಕ್ಲಾರಿನೆಟ್ ಸೀಳಿದ್ದೇಕೆ?

ಪ್ರಶ್ನೆ: ನಮ್ಮದು ರೋಣ ತಾಲೂಕಿನ ಹನ್ನೆರಡು ಮಂದಿಯ ಬ್ಯಾಂಡ್ ಕಂಪನಿ. ಮೂರು ಟ್ರಂಪೆಟ್, ಒಂದು ಯುಫೋನಿಯಂ, ಒಂದು ಕ್ಲಾರಿನೆಟ್, ಒಂದು ಸನಾದಿ ಇವೆ. ಉಳಿದದ್ದು ಡ್ರಮ್ಮು ಮತ್ತು ಗಾಡಿಯ ಮೇಲಿನ ಕ್ಯಾಸಿಯೊ, ಅಂದರೆ ಕೀಬೋರ್ಡ್. ಹೋದ ಬೇಸಿಗೆಯಲ್ಲಿ ಮುಂಡರಗಿ ಕಡೆ ಒಂದು ಮದುವೆಗೆ ಹೋಗಿದ್ದೆವು. ಮೆರವಣಿಗೆ ಹೊರಟಾಗ ಮಧ್ಯಾಹ್ನ ಒಂದು ಗಂಟೆ. ನಮ್ಮ ಕಟ್ಟಿಗೆಯ ಕ್ಲಾರಿನೆಟ್ ಮೇಲಿನ ತುಂಡಿನಲ್ಲಿ ಸೀಳು ಬಿಟ್ಟಿತು. ಟ್ರಂಪೆಟ್ಟಿಗೂ ಕ್ಯಾಸಿಯೊಗೂ ಸೂರು (ಶ್ರುತಿ) ಕೂಡಲೇ ಇಲ್ಲ, ಟ್ರಂಪೆಟ್ ಏರಿ ಕೇಳುತ್ತಿತ್ತು. ಬಿಸಿಲಿಗೆ ಹಿತ್ತಾಳೆ ಹಿಗ್ಗಿ ಹಾಗಾಗುತ್ತದೆ ಅಂತ ಹಿರಿಯರು ಹೇಳಿದರು. ಜನವರಿಯಲ್ಲಿ ಬೆಳಗಿನ ಪಲ್ಲಕ್ಕಿಗೆ ನುಡಿಸುವಾಗ ಇದರ ಉಲ್ಟಾ ಆಗುತ್ತದೆ. ಇನ್ನೊಂದು ಮಾತು. ಅವತ್ತು ಟ್ರಂಪೆಟ್ ಊದುತ್ತಿದ್ದ 17ರ ಹುಡುಗ ನಿಂತಲ್ಲೇ ಬಿದ್ದುಬಿಟ್ಟ. ಉಳ್ಳಾಗಡ್ಡಿ ಮೂಸಿಸಿದ ಮೇಲೆ ಎದ್ದ. ಊದುವಾಗ ನೀರು ಕುಡಿಯಬಾರದು ಅಂತ ನಮ್ಮಲ್ಲಿ ಪದ್ಧತಿ. ಅದು ಸರಿಯಾ? ನಡುವೆ ನಿಲ್ಲಿಸಿದರೆ ಬೀಗರು ಸಿಟ್ಟಾಗುತ್ತಾರೆ, ನಮ್ಮ ಹೆಸರು ಕೆಡುತ್ತದೆ. ಏನು ಮಾಡೋಣ?

ಉತ್ತರ: ನೀವು ಕ್ಲಾರಿನೆಟ್ಟಿನಿಂದ ಶುರು ಮಾಡಿ, ಹುಡುಗನ ವಿಷಯ ಕೊನೆಗೆ ಬರೆದಿದ್ದೀರಿ. ನಾನು ಹುಡುಗನಿಂದ ಶುರು ಮಾಡುತ್ತೇನೆ.

ನಾನು ಡಾಕ್ಟರ್ ಅಲ್ಲ. ಹುಬ್ಬಳ್ಳಿಯಲ್ಲಿ ಊದುವ ವಾದ್ಯಗಳ ರಿಪೇರಿ ಮಾಡುವವನು. ಅದಕ್ಕೂ ಮೊದಲು ಹದಿನಾಲ್ಕು ವರ್ಷ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದ್ದೇನೆ. ಲಕ್ಷ್ಮೇಶ್ವರದ ಹತ್ತಿರ ಒಂದು ಮದುವೆಯಲ್ಲಿ ನನಗೂ ಹೀಗೇ ಕಣ್ಣು ಕತ್ತಲೆ ಬಂದಿತ್ತು. ಪಕ್ಕದವರು ತೋಳು ಹಿಡಿದುಕೊಂಡರು, ಅದಕ್ಕೇ ಬೀಳಲಿಲ್ಲ. ಆವತ್ತು ಡಾಕ್ಟರು ಬಿಡಿಸಿ ಹೇಳಿದ್ದು ಇವತ್ತಿಗೂ ನೆನಪಿದೆ.

ಬಿಸಿಲಲ್ಲಿ ಮೈ ತಣ್ಣಗಾಗಬೇಕಾದರೆ ರಕ್ತ ಚರ್ಮದ ಕಡೆ ಹರಿಯಬೇಕು. ಬೆವರು ಹೋದಷ್ಟೂ ಮೈಯಲ್ಲಿ ನೀರು ಕಡಿಮೆಯಾಗುತ್ತದೆ. ಟ್ರಂಪೆಟ್ಟಿನಲ್ಲಿ ಮೇಲಿನ ಸ್ವರ ಹಿಡಿಯುವಾಗ ಎದೆಯೊಳಗೆ ಒತ್ತಡ ಏರುತ್ತದೆ. ಆ ಹೊತ್ತಿಗೆ ಕೈಕಾಲಿನಿಂದ ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗುತ್ತದೆ. ಜೊತೆಗೆ ಒಂದೇ ಕಡೆ ನಿಂತಿದ್ದರೆ ರಕ್ತ ಕಾಲಲ್ಲೇ ಉಳಿಯುತ್ತದೆ. ಈ ನಾಲ್ಕೂ ಒಟ್ಟಿಗೆ ಸೇರಿದರೆ ತಲೆಗೆ ರಕ್ತ ಸಾಲದೆ ಕಣ್ಣು ಕತ್ತಲೆಯಾಗುತ್ತದೆ. ಮೇಲೆ ಬ್ಯಾಂಡಿನ ದಪ್ಪ ಕೋಟು, ಕುತ್ತಿಗೆವರೆಗೆ ಗುಂಡಿ, ತಲೆಗೆ ಪೇಟ. ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟವರು ಒಂದು ಗಂಟೆಯ ತನಕ ಬರೀ ಚಹಾದ ಮೇಲೆ ಇರುತ್ತೀರಿ, ಅಲ್ವಾ? ಆ ಹುಡುಗ ಬಿದ್ದದ್ದು ಅವನು ಅಶಕ್ತ ಅಂತಲ್ಲ. ಅವತ್ತು ಯಾರಾದರೂ ಬೀಳಬಹುದಿತ್ತು.

ಈಗ ನೀರಿನ ಮಾತು. ಊದುವಾಗ ನೀರು ಕುಡಿಯಬಾರದು ಅನ್ನುವುದರಲ್ಲಿ ಒಂದು ಕಾಳಿನಷ್ಟು ನಿಜ ಇದೆ. ಒಮ್ಮೆಲೇ ಒಂದು ಚೊಂಬು ನೀರು ಗಟಗಟ ಕುಡಿದು ಜೋರಾಗಿ ಊದಿದರೆ ಹೊಟ್ಟೆ ಹಿಡಿಯುತ್ತದೆ, ಒಮ್ಮೊಮ್ಮೆ ವಾಂತಿ ಬರುತ್ತದೆ. ಹಿರಿಯರು ಅದನ್ನು ನೋಡಿಯೇ ಹೇಳಿರಬೇಕು. ಆದರೆ ಅದು ನೀರನ್ನೇ ಬಿಡುವ ಪದ್ಧತಿಯಾಗಿ ಬೆಳೆದದ್ದು ಅಪಾಯ. ಬಾಯಾರಿಕೆ ಆಗುವ ತನಕ ಕಾಯಬೇಡಿ. 15–20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಕಾಲು ಲೀಟರಿನ ಒಳಗೆ, ಗುಟುಕು ಗುಟುಕಾಗಿ ಕುಡಿಯಿರಿ. ಗಂಟೆಗೆ ಒಂದೂವರೆ ಲೀಟರಿಗಿಂತ ಹೆಚ್ಚು ಬೇಡ, ಅದೂ ತೊಂದರೆಯೇ. ಎರಡು ಮೂರು ಗಂಟೆಯ ಕೆಲಸ ಇದ್ದರೆ ಬರೀ ನೀರು ಸಾಲದು, ಉಪ್ಪೂ ಬೇಕು. ಉಪ್ಪು ಹಾಕಿದ ನೀರು ಮಜ್ಜಿಗೆ ತುಂಬಾ ಒಳ್ಳೆಯದು. ಇಲ್ಲವೇ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕದಡಿ. ಇದನ್ನು ಕುಡಿದ ಮೇಲೆ ಬರೀ ನೀರಿನಿಂದ ಬಾಯಿ ಮುಕ್ಕಳಿಸಿಯೇ ವಾದ್ಯ ಹಿಡಿಯಬೇಕು. ಸಕ್ಕರೆ ಬೆರೆತ ಉಗುಳು ಟ್ರಂಪೆಟ್ಟಿನ ವಾಲ್ವಿಗೂ ಕ್ಲಾರಿನೆಟ್ಟಿನ ತೂತು ಮುಚ್ಚುವ ಪ್ಯಾಡಿಗೂ ಅಂಟಿನ ಹಾಗೆ ಹಿಡಿಯುತ್ತದೆ. ಮದುವೆ ಮನೆಯ ಬುಂದಿ ತಿಂದು ಹಾಗೇ ಊದಿದ ವಾದ್ಯಗಳನ್ನು ನಾನು ಎಷ್ಟು ತೊಳೆದಿದ್ದೇನೋ ಲೆಕ್ಕ ಇಟ್ಟಿಲ್ಲ.

ಉಳ್ಳಾಗಡ್ಡಿ ಮೂಸಿಸಿದ್ದರಿಂದ ಹುಡುಗ ಎದ್ದ ಅಂದುಕೊಳ್ಳಬೇಡಿ. ಬಿದ್ದಾಗ ತಲೆ ಹೃದಯದ ಮಟ್ಟಕ್ಕೆ ಬಂತು, ರಕ್ತ ತಲೆಗೆ ಹೋಯಿತು, ಎಚ್ಚರ ಆಯಿತು. ಅವನನ್ನು ಎಬ್ಬಿಸಿ ನಿಲ್ಲಿಸುವ ಅವಸರ ಮಾಡಬಾರದು. ನೆರಳಿಗೆ ಒಯ್ದು ಮಲಗಿಸಿ, ಕೋಟು ಬಿಚ್ಚಿ, ಕಾಲು ಸ್ವಲ್ಪ ಎತ್ತಿ ಇಡಿ. ಮೈ ಒದ್ದೆ ಮಾಡಿ ಗಾಳಿ ಹಾಕಿ. ಪೂರ್ತಿ ಎಚ್ಚರವಾದ ಮೇಲೆ ಮಾತ್ರ ಕುಡಿಯಲು ಕೊಡಿ.

ಇನ್ನೊಂದು ಬಗೆ ಇದೆ, ಅದಕ್ಕೆ ನಾನು ನಿಜಕ್ಕೂ ಹೆದರುತ್ತೇನೆ. ಮೈ ಕೆಂಡದ ಹಾಗೆ ಸುಡುತ್ತಿದೆ, ಏನೇನೋ ಮಾತಾಡುತ್ತಾನೆ, ನಡಿಗೆ ತಪ್ಪುತ್ತದೆ, ಇಲ್ಲವೇ ಒಂದೆರಡು ನಿಮಿಷವಾದರೂ ಏಳುವುದಿಲ್ಲ. ಇದು ಬಿಸಿಲಾಘಾತ. ತಕ್ಷಣ 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವ ತನಕ ಸುಮ್ನೆ ಕಾಯಬೇಡಿ, ಕೊಡಗಟ್ಟಲೆ ನೀರು ಸುರಿಯಿರಿ, ಬೀಸಿ. ಬಾಯಿಗೆ ಏನೂ ಹಾಕಬೇಡಿ. "ಬೆವರು ಬರುತ್ತಿದೆ, ಹಾಗಾಗಿ ಏನೂ ಆಗಿಲ್ಲ" ಅನ್ನುವ ಮಾತು ನಂಬಬೇಡಿ. ದುಡಿಯುತ್ತಾ ಬಿಸಿಲಾಘಾತ ಆದವರಿಗೆ ಬೆವರು ಸುರಿಯುತ್ತಲೇ ಇರಬಹುದು. ಬುದ್ಧಿ ಸರಿಯಾಗಿದೆಯಾ ನೋಡಿ. ಊರಿನ ಹೆಸರು, ಜೊತೆಯವರ ಹೆಸರು ಕೇಳಿ.

ಆ ಹುಡುಗನನ್ನು ಒಮ್ಮೆ ಡಾಕ್ಟರಿಗೆ ತೋರಿಸಿ. ದುಡಿಯುವಾಗ ಎಚ್ಚರ ತಪ್ಪಿ ಬಿದ್ದವರಿಗೆ ಒಂದು ಇಸಿಜಿ ಆಗಲೇಬೇಕು. ಬಹಳ ಮಟ್ಟಿಗೆ ಏನೂ ಇರುವುದಿಲ್ಲ. ಆದರೂ ಮುಂದಿನ ಸೀಸನ್‌ಗೆ ಮುಂಚೆ ಅದನ್ನು ಮಾಡಿಸಿಬಿಡಿ. ಹೊಸದಾಗಿ ಸೇರಿದವರನ್ನು ಮೊದಲ ದಿನವೇ ಮೂರು ತಾಸು ಬಿಸಿಲಲ್ಲಿ ಊದಿಸಬೇಡಿ. ಮೈ ಸೆಕೆಗೆ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು.

ಇನ್ನು ಸೂರಿನ ವಿಷಯಕ್ಕೆ ಬರೋಣ. ಇಲ್ಲಿ ನಿಮ್ಮ ಹಿರಿಯರ ಮಾತು ತಪ್ಪಿದೆ, ಆದರೆ ತಪ್ಪುವುದು ಸಹಜ. ಹಲಗೆಯವರು ಬೆಂಕಿಗೆ ಹಿಡಿದು ಹಲಗೆ ಕಾಯಿಸುತ್ತಾರೆ. ಚರ್ಮ ಬಿಗಿಯಾಗುತ್ತದೆ, ಸೂರು ಏರುತ್ತದೆ. ಅದನ್ನು ನೋಡಿದವರು ಟ್ರಂಪೆಟ್ಟಿನಲ್ಲೂ ಲೋಹಕ್ಕೇ ಏನೋ ಆಗುತ್ತದೆ ಅಂದುಕೊಳ್ಳುತ್ತಾರೆ. ಟ್ರಂಪೆಟ್ಟಿನ ಕೊಳವೆ ಬಿಚ್ಚಿ ನೇರ ಮಾಡಿದರೆ ಸುಮಾರು ಒಂದೂವರೆ ಮೀಟರ್ ಉದ್ದ. ಇಪ್ಪತ್ತು ಡಿಗ್ರಿ ಹೆಚ್ಚು ಕಾದರೆ ಹಿತ್ತಾಳೆ ಹಿಗ್ಗುವುದು ಅರ್ಧ ಮಿಲಿಮೀಟರಿನಷ್ಟು. ಅದು ಕಿವಿಗೆ ಕೇಳುವ ವ್ಯತ್ಯಾಸವೇ ಅಲ್ಲ. ಅಷ್ಟೇ ಅಲ್ಲ, ಕೊಳವೆ ಉದ್ದವಾದರೆ ಸೂರು ಇಳಿಯಬೇಕು. ನಿಮ್ಮ ಟ್ರಂಪೆಟ್ ಬಿಸಿಲಲ್ಲಿ ಏರಿತ್ತು, ಇಳಿದಿರಲಿಲ್ಲ.

ಏರಿದ್ದು ಒಳಗಿನ ಗಾಳಿಯಿಂದ. ಊದುವ ವಾದ್ಯದಲ್ಲಿ ನುಡಿಯುವುದು ಲೋಹವಲ್ಲ, ಕೊಳವೆಯೊಳಗಿನ ಗಾಳಿ. ಗಾಳಿ ಬಿಸಿಯಾದರೆ ಅದರಲ್ಲಿ ಸದ್ದು ಬೇಗ ಓಡುತ್ತದೆ. 25 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 346 ಮೀಟರ್, 40 ಡಿಗ್ರಿಯಲ್ಲಿ ಸುಮಾರು 355 ಮೀಟರ್. ಕೊಳವೆ ಅಷ್ಟೇ ಉದ್ದ, ಓಟ ಮಾತ್ರ ಬೇಗ. ಹಾಗಾಗಿ ಸ್ವರ ಏರುತ್ತದೆ. ಲೆಕ್ಕದಲ್ಲಿ ಹೇಳುವುದಾದರೆ ಒಂದು ಡಿಗ್ರಿಗೆ ಸುಮಾರು 3 ಸೆಂಟ್. ಸೆಂಟ್ ಅಂದರೆ ಸ್ವರದ ಏರಿಳಿತ ಅಳೆಯುವ ಸಣ್ಣ ಅಳತೆ. ಷಡ್ಜದಿಂದ ಕೋಮಲ ರಿಷಭಕ್ಕೆ 100 ಸೆಂಟ್ ಅಂತ ಇಟ್ಟುಕೊಳ್ಳಿ. 15 ಡಿಗ್ರಿ ಏರಿದರೆ ಹೆಚ್ಚು ಕಡಿಮೆ ಅದರ ಅರ್ಧದ ಹತ್ತಿರ ಬಂತು. ನುಡಿಸುವಾಗ ನಮ್ಮ ಉಸಿರಿನ ಬಿಸಿಯೂ ಒಳಗೆ ಇರುತ್ತದೆ, ಅದು ಬೆಳಿಗ್ಗೆಯೂ ಅಷ್ಟೇ ಮಧ್ಯಾಹ್ನವೂ ಅಷ್ಟೇ. ಆದ್ದರಿಂದ ಪೂರ್ತಿ ಅಷ್ಟು ಏರುವುದಿಲ್ಲ. ಆದರೆ ಅದರ ಅರ್ಧ ಏರಿದರೂ ಬೇಸೂರು ಎದ್ದು ಕೇಳುತ್ತದೆ. ಧಾರವಾಡದ ಕಡೆ ಕೇಳುಗರ ಕಿವಿ ನಿಮಗೆ ಗೊತ್ತಲ್ಲ.

ಕ್ಯಾಸಿಯೊ ಮಾತ್ರ ಬಿಸಿಲಿರಲಿ ಚಳಿಯಿರಲಿ 440 ಹರ್ಟ್ಸ್‌ನ (ಸೆಕೆಂಡಿಗೆ 440 ಕಂಪನ) ಸೂರಿನಲ್ಲೇ ನಿಂತಿರುತ್ತದೆ. ಅದರೊಳಗೆ ನುಡಿಯುವ ಗಾಳಿ ಇಲ್ಲ. ಜಗಳ ಶುರುವಾಗುವುದು ಅಲ್ಲೇ. ಜನವರಿಯ ನಸುಕಿನ ಪಲ್ಲಕ್ಕಿಯಲ್ಲಿ ಗಾಳಿ ತಣ್ಣಗಿರುತ್ತದೆ, ಸ್ವರ ಇಳಿಯುತ್ತದೆ. ನೀವು ಹೇಳಿದ ಉಲ್ಟಾ ಅಂದರೆ ಇದೇ. ಇನ್ನೊಂದು ತೊಡಕೂ ಇದೆ. ಸಣ್ಣ ವಾದ್ಯಗಳನ್ನು ಉಸಿರು ಬೇಗ ಬೆಚ್ಚಗೆ ಮಾಡುತ್ತದೆ. ಯುಫೋನಿಯಂನಂಥ ದೊಡ್ಡ ಹೊಟ್ಟೆಯ ವಾದ್ಯ ಹೊರಗಿನ ಹವೆಯನ್ನೇ ಜಾಸ್ತಿ ಹಿಂಬಾಲಿಸುತ್ತದೆ. ಅದಕ್ಕೇ ಬ್ಯಾಂಡಿನೊಳಗೇ ಒಬ್ಬರು ಒಂದು ಕಡೆ, ಇನ್ನೊಬ್ಬರು ಇನ್ನೊಂದು ಕಡೆ ಎಳೆದ ಹಾಗಾಗುತ್ತದೆ.

ಉಪಾಯ ಸುಲಭ. ಟೆಂಪೊ ಗಾಡಿಯಿಂದ ಇಳಿದ ತಕ್ಷಣ ಸೂರು ಕೂಡಿಸಬೇಡಿ. ಐದು ನಿಮಿಷ ಎಲ್ಲರೂ ಊದಿ, ವಾದ್ಯ ಆ ಜಾಗದ ಹವೆಗೆ ಬರಲಿ, ಆಮೇಲೆ ಕೂಡಿಸಿ. ಟ್ರಂಪೆಟ್ಟಿನ ದೊಡ್ಡ ಸ್ಲೈಡನ್ನು (ಎಳೆದು ಉದ್ದ ಮಾಡುವ ಕೊಳವೆ) ಒಂದು ಸೆಂಟಿಮೀಟರ್ ಹೊರಗೆ ಎಳೆದರೆ ಸುಮಾರು 25 ಸೆಂಟ್ ಇಳಿಯುತ್ತದೆ. ಸೀಸನ್ ಪೂರ್ತಿ ಸ್ಲೈಡ್ ಜಾಮ್ ಆಗಿ ಕೂತಿದ್ದರೆ ಇದು ಆಗುವುದಿಲ್ಲ, ಹದಿನೈದು ದಿನಕ್ಕೊಮ್ಮೆ ಬಿಚ್ಚಿ ಗ್ರೀಸ್ ಹಚ್ಚಿ. ಕ್ಲಾರಿನೆಟ್ಟಿನ ಬ್ಯಾರೆಲ್ (ಮೌತ್‌ಪೀಸಿನ ಕೆಳಗಿನ ಗಿಡ್ಡ ತುಂಡು) ಒಂದೆರಡು ಮಿಲಿಮೀಟರ್ ಎಳೆಯಬಹುದು. ಅದಕ್ಕಿಂತ ಜಾಸ್ತಿ ಎಳೆದರೆ ನಡುವಿನ ಸ್ವರಗಳು ಒಂದಕ್ಕೊಂದು ಕೂಡುವುದಿಲ್ಲ. ಸನಾದಿಯಲ್ಲಿ ರೀಡನ್ನು ತುಸು ಹೊರಗೆ ತಂದು ದಾರ ಸುತ್ತಿ ಹಿಡಿಸುತ್ತಾರೆ, ಆದರೆ ಅದಕ್ಕೂ ಮಿತಿ ಇದೆ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಒಳ್ಳೆಯದು ಕ್ಯಾಸಿಯೊವನ್ನೇ ಏರಿಸುವುದು. ಟ್ಯೂನಿಂಗ್ ಅಂತ ಒಂದು ಸೆಟ್ಟಿಂಗ್ ಬಹಳಷ್ಟು ಕೀಬೋರ್ಡಿನಲ್ಲಿ ಇರುತ್ತದೆ. 440 ಇದ್ದದ್ದನ್ನು 445 ಮಾಡಿದರೆ ಸುಮಾರು 20 ಸೆಂಟ್ ಏರಿತು. ಊದುವ ಆರು ಮಂದಿ ಸೂರು ಇಳಿಸಲು ಒದ್ದಾಡುವ ಬದಲು ಒಂದು ಗುಂಡಿ ಒತ್ತಿದರೆ ಮುಗಿಯಿತು.

ಟ್ರಂಪೆಟ್ಟಿನ ಮೌತ್‌ಪೀಸನ್ನು ಬಿಡುವಿನಲ್ಲಿ ಜೇಬಿನಲ್ಲಿಟ್ಟುಕೊಳ್ಳಿ. ಬಿಸಿಲಲ್ಲಿ ಬಿಟ್ಟರೆ ತುಟಿ ಸುಡುತ್ತದೆ, ಸುಟ್ಟ ತುಟಿ ವಾರವಿಡೀ ಕೆಲಸ ಕೆಡಿಸುತ್ತದೆ. ವಾಲ್ವ್ ಎಣ್ಣೆ ಸೆಕೆಗೆ ಬೇಗ ಆರುತ್ತದೆ, ಶೀಶೆ ಜೊತೆಗಿರಲಿ.

ನಿಲ್ಲಿಸಿದರೆ ಹೆಸರು ಕೆಡುತ್ತದೆ ಅಂತ ಬರೆದಿದ್ದೀರಿ. ಒಂದು ಘಟನೆ ಹೇಳುತ್ತೇನೆ. 2009ರ ಜನವರಿ 20ರಂದು ವಾಷಿಂಗ್ಟನ್‌ನಲ್ಲಿ ಒಬಾಮಾ ಅಧ್ಯಕ್ಷರಾದ ಸಮಾರಂಭ. ಬಯಲಲ್ಲಿ ಸೊನ್ನೆಗಿಂತ ಕೆಳಗಿನ ಚಳಿ. ಯೋ-ಯೋ ಮಾ, ಇಟ್ಜಾಕ್ ಪರ್ಲ್‌ಮನ್ ಅವರಂಥ ಜಗತ್ತಿನ ದೊಡ್ಡ ವಾದಕರು, ಜೊತೆಗೆ ಕ್ಲಾರಿನೆಟ್‌ಗೆ ಆಂಥನಿ ಮೆಕ್‌ಗಿಲ್. ಅವರು ವೇದಿಕೆಯಲ್ಲಿ ಕೈಯಾಡಿಸಿದರು, ಆದರೆ ಜನ ಕೇಳಿದ್ದು ಎರಡು ದಿನ ಮೊದಲೇ ಮಾಡಿದ್ದ ರೆಕಾರ್ಡಿಂಗ್. ಆ ಚಳಿಯಲ್ಲಿ ವಾದ್ಯಗಳು ಸೂರಿಗೆ ನಿಲ್ಲುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿದ್ದರು. ಅವರ ಹೆಸರಿಗೆ ಅದರಿಂದ ಏನೂ ಆಗಲಿಲ್ಲ. ಹವೆಯ ಎದುರು ವಾದ್ಯಕ್ಕೆ ಮಿತಿ ಇದೆ ಅಂತ ಒಪ್ಪಿಕೊಳ್ಳುವುದು ಕಸುಬು ಗೊತ್ತಿರುವವರ ಲಕ್ಷಣ.

ನೀವು ಮಾಡಬಹುದಾದದ್ದು ಇಷ್ಟು. ಸಂಚಕಾರ (ಮುಂಗಡ) ತೆಗೆದುಕೊಳ್ಳುವಾಗಲೇ ಹೊತ್ತಿನ ಮಾತು ಆಡಿಬಿಡಿ. ಏಪ್ರಿಲ್–ಮೇ ತಿಂಗಳಲ್ಲಿ ಬೆಳಿಗ್ಗೆ ಹತ್ತರ ಒಳಗೆ, ಇಲ್ಲವೇ ಸಂಜೆ ಐದರ ಮೇಲೆ ಮೆರವಣಿಗೆ. ಮುಹೂರ್ತ ಹಾಗೆ ಬಂದಿಲ್ಲ ಅಂದರೆ ಹನ್ನೆರಡರಿಂದ ಮೂರರ ನಡುವೆ ಪೆಂಡಾಲಿನ ನೆರಳಲ್ಲಿ ಕೂತು ನುಡಿಸುತ್ತೇವೆ ಅನ್ನಿ. ಇದರಿಂದ ಒಂದೆರಡು ಆರ್ಡರ್ ಕೈತಪ್ಪಬಹುದು, ಅದನ್ನು ಮುಚ್ಚಿಡುವುದಿಲ್ಲ. ಅದೂ ಆಗದಿದ್ದರೆ ತಂಡ ಎರಡು ಪಾಲು ಮಾಡಿ. ಅರ್ಧ ಮಂದಿ ಹತ್ತು ನಿಮಿಷ ಊದಲಿ, ಆಗ ಉಳಿದವರು ನೀರು ಕುಡಿಯಲಿ. ಸದ್ದು ತೆಳುವಾಗುತ್ತದೆ, ಬೀಗರಲ್ಲಿ ಯಾರಾದರೂ ಗೊಣಗಬಹುದು. ಡ್ರಮ್ಮು ಬಿಡದೆ ನಡೆಸಿದರೆ ಕುಣಿಯುವವರಿಗೆ ಅಷ್ಟು ಗೊತ್ತಾಗುವುದಿಲ್ಲ. ಮೆರವಣಿಗೆ ನಿಲ್ಲುವ ಜಾಗಗಳನ್ನು ಮೊದಲೇ ನೋಡಿಕೊಂಡು, ಬೇವಿನ ಮರವೋ ಕಟ್ಟಡದ ನೆರಳೋ ಇದ್ದಲ್ಲಿ ನಿಲ್ಲಿಸಿ. ಬೇಸಿಗೆಗೆ ಕೋಟು ಬಿಟ್ಟು ತೆಳು ಹತ್ತಿಯ ಅಂಗಿ ಹೊಲಿಸಿ, ಮೇಲೆ ಜರಿಯ ಪಟ್ಟಿ ಹಾಕಿದರೆ ಸಮವಸ್ತ್ರದ ಕಳೆ ಉಳಿಯುತ್ತದೆ.

ನೀವು ಕೇಳಿಲ್ಲ, ಆದರೆ ಬೇವಿನ ಮರ ಅಂದ ಮೇಲೆ ಹೇಳಲೇಬೇಕು. ಅಶ್ವಿನಿ, ಭರಣಿ ಮಳೆಯ ಹೊತ್ತಿಗೆ ಗದಗ–ಹಾವೇರಿ ಕಡೆ ಸಂಜೆ ಗುಡುಗು ಸಿಡಿಲು ಜಾಸ್ತಿ. ಹಿತ್ತಾಳೆ ಸಿಡಿಲನ್ನು ಎಳೆಯುತ್ತದೆ ಅಂತ ಕೆಲವರು ವಾದ್ಯ ಎಸೆದು ಮರದಡಿ ಓಡುತ್ತಾರೆ. ಸಿಡಿಲು ಹುಡುಕುವುದು ಬಯಲಲ್ಲಿ ಎತ್ತರಕ್ಕೆ ನಿಂತದ್ದನ್ನು. ಕೈಯಲ್ಲಿನ ಟ್ರಂಪೆಟ್ಟಿಗಿಂತ ತಲೆ ಮೇಲಿನ ಮರ ಅಪಾಯ. ಮಿಂಚಿದ ಮೇಲೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಪಕ್ಕಾ ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ಹೊರಗೆ ಬರಬೇಡಿ.

ಈಗ ಕ್ಲಾರಿನೆಟ್. ಕಟ್ಟಿಗೆ ಬರೀ ಬಿಸಿಲಿಗೆ ಸೀಳುವುದಿಲ್ಲ, ಬರೀ ಚಳಿಗೂ ಸೀಳುವುದಿಲ್ಲ. ಒಳಗೂ ಹೊರಗೂ ತಾಳೆಯಾಗದೆ ಸೀಳುತ್ತದೆ. ಉಸಿರಿನ ತೇವ ಒಳಗೆ ಸೇರಿ ಒಳಮೈ ಉಬ್ಬುತ್ತದೆ. ಏಪ್ರಿಲ್‌ನ ಒಣಗಾಳಿ ಹೊರಮೈಯ ತೇವ ಹೀರಿ ಅದನ್ನು ಕುಗ್ಗಿಸುತ್ತದೆ. ಒಳಗಿನದು ಹಿಗ್ಗುತ್ತದೆ, ಹೊರಗಿನದು ಬಿಗಿಯುತ್ತದೆ. ಕೊನೆಗೆ ಹೊರಮೈ ಬಾಯಿ ಬಿಡುತ್ತದೆ. ಜನವರಿ ನಸುಕಿನಲ್ಲಿ ಒಳಗೆ ಬೆಚ್ಚನೆ ಉಸಿರು, ಹೊರಗೆ ಕೊರೆಯುವ ಚಳಿ, ಆಗಲೂ ಅದೇ ಕಥೆ. ಮೇಲಿನ ತುಂಡಿಗೇ ಉಸಿರು ಮೊದಲು ತಗಲುತ್ತದೆ, ತೂತುಗಳೂ ಅಲ್ಲಿ ಒತ್ತೊತ್ತಾಗಿವೆ. ಅದಕ್ಕೇ ಸೀಳು ಬಹುಪಾಲು ಅಲ್ಲೇ ಬರುತ್ತದೆ. ಕೊಳಲಿನ ಬಿದಿರೂ ಹೀಗೆಯೇ ಒಡೆಯುತ್ತದೆ, ಅದಕ್ಕೇ ಅದಕ್ಕೆ ಅಲ್ಲಲ್ಲಿ ದಾರ ಬಿಗಿದಿರುತ್ತಾರೆ.

ಎಣ್ಣೆ ಹಾಕಿದರೆ ಸೀಳುವುದೇ ಇಲ್ಲ ಅನ್ನುವುದು ಅರ್ಧ ನಿಜ. ಬಾದಾಮಿ ಎಣ್ಣೆಯ ತೆಳು ಪದರು ಒಳಗಿದ್ದರೆ ತೇವ ನಿಧಾನಕ್ಕೆ ಸೇರುತ್ತದೆ, ಅಷ್ಟೇ. ಕೊಬ್ಬರಿ ಎಣ್ಣೆ ಬೇಡ. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗಿ ಕೂರುತ್ತದೆ. ಯಾವ ಎಣ್ಣೆಯೂ ಪ್ಯಾಡಿಗೆ ತಾಗಬಾರದು. ಎಣ್ಣೆಗಿಂತ ದೊಡ್ಡ ಕೆಲಸ ಒರೆಸುವುದು. 15–20 ನಿಮಿಷಕ್ಕೊಮ್ಮೆ ಒಳಗೆ ಬಟ್ಟೆ ಎಳೆಯಿರಿ. ಚಳಿಯಲ್ಲಿ ಊದುವ ಮೊದಲು ಕೋಟಿನೊಳಗೆ ಇಟ್ಟುಕೊಂಡು, ಅಂಗೈಯಲ್ಲಿ ಹಿಡಿದು ಹೊರಗಿನಿಂದ ಬೆಚ್ಚಗೆ ಮಾಡಿ. ಬಿಸಿ ಉಸಿರು ಊದಿ ಒಳಗಿನಿಂದ ಕಾಯಿಸುವುದು ಕೆಟ್ಟ ಅಭ್ಯಾಸ. ಮುಚ್ಚಿದ ಟೆಂಪೊದಲ್ಲಿ ಬಿಸಿಲಿಗೆ ಬಿಡಬೇಡಿ, ಒಳಗಿನ ಸೆಕೆಗೆ ಪ್ಯಾಡಿನ ಅಂಟು ಕರಗಿ ಪ್ಯಾಡು ಉದುರುತ್ತವೆ.

ನಿಜ ಹೇಳಬೇಕೆಂದರೆ ಮೆರವಣಿಗೆಗೆ ಕಟ್ಟಿಗೆಯ ಕ್ಲಾರಿನೆಟ್ ಒಯ್ಯುವುದೇ ಬೇಡ. ಪ್ಲಾಸ್ಟಿಕ್ಕಿನದು ಸಾಕು. ನಾದ ಸ್ವಲ್ಪ ಒರಟು, ಆದರೆ ರಸ್ತೆಯಲ್ಲಿ ಡ್ರಮ್ಮಿನ ನಡುವೆ ಆ ಫರಕು ಕೇಳುವುದಿಲ್ಲ. ಎಬೊನೈಟಿನದಾದರೆ (ಗಟ್ಟಿ ರಬ್ಬರಿನದು) ಸೀಳುವುದಿಲ್ಲ, ಆದರೆ ಬಿಸಿಲಿಗೆ ಕಪ್ಪು ಹೋಗಿ ಹಸಿರುಗಂದು ಬಣ್ಣಕ್ಕೆ ತಿರುಗುತ್ತದೆ, ಗಂಧಕದ ವಾಸನೆ ಬರುತ್ತದೆ. ಅದು ಮಾಲಿನ ಗುಣ, ಹೆದರಬೇಡಿ. ರೀಡೂ ಒಣಗಾಳಿಗೆ ಸೊಟ್ಟಗಾಗುತ್ತದೆ, ಬೇಸಿಗೆಗೆ ಒಂದು ಪ್ಲಾಸ್ಟಿಕ್ ರೀಡು ಇಟ್ಟುಕೊಳ್ಳಿ.

ಸೀಳಿದ ವಾದ್ಯವನ್ನು ಈಗಲೇ ಊದಬೇಡಿ. ಅಂಗಡಿಯ ಸೂಪರ್ ಗ್ಲೂ ನೀವೇ ಸುರಿಯಬೇಡಿ, ಅದು ತೂತಿನೊಳಗೆ ಇಳಿದರೆ ಆಮೇಲೆ ನನಗೆ ಎರಡು ಪಟ್ಟು ಕೆಲಸ. ನೆರಳಿನಲ್ಲಿ ನಾಲ್ಕೈದು ದಿನ ಒಣಗಲಿ. ಆಮೇಲೆ ಮೇಲಿನ ತುಂಡಿನ ಕೆಳಗಿನ ಬಾಯಿಯನ್ನು ಅಂಗೈಯಿಂದ, ತೂತುಗಳನ್ನು ಬೆರಳಿನಿಂದ ಮುಚ್ಚಿ, ಮೇಲಿನಿಂದ ಬಾಯಲ್ಲಿ ಗಾಳಿ ಎಳೆಯಿರಿ. ಒಳಗಿನ ಬಿಗಿ ಹಾಗೇ ನಿಂತರೆ ಸೀಳು ಮೇಲ್ಮೈಯಲ್ಲೇ ಇದೆ. ತುಂಬಿಸಿ ಉಜ್ಜಿದರೆ ಮತ್ತೆ ಹತ್ತಾರು ವರ್ಷ ಬಾಳುತ್ತದೆ. ಗಾಳಿ ಸೋರಿದರೆ ಸೀಳು ತೂತಿಗೋ ಒಳಕೊಳವೆಗೋ ತಲುಪಿರಬಹುದು, ಇಲ್ಲವೇ ಪ್ಯಾಡು ಕೂತಿರಲಿಕ್ಕಿಲ್ಲ. ಸೀಳೇ ಆಗಿದ್ದರೆ ಅಡ್ಡಲಾಗಿ ಸಣ್ಣ ಪಿನ್ನು ಹೊಡೆದು ಬಿಗಿಯಬೇಕು, ಅದು ಕೈ ಪಳಗಿದ ರಿಪೇರಿಯವರ ಕೆಲಸ. ತರುವಾಗ ಎರಡು ತುಂಡನ್ನೂ ಬಿಚ್ಚಿ, ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿ ತನ್ನಿ. ಜೋಡಿಸಿ ಹಾಗೇ ಬಸ್ಸಿನಲ್ಲಿ ತಂದರೆ ಸೀಳು ಇನ್ನೊಂದು ಬೆರಳು ಮುಂದೆ ಹೋಗಿರುತ್ತದೆ.